ನೋವಿಲ್ಲದ ಗಂಟು

ಈ ವಿಷಯವನ್ನು ನಮ್ಮ ಕಾಲೇಜು ಪತ್ರಿಕೆಗೆ ಬರೆಯಬಹುದೇ ಎಂದು ಜೀವಶಾಸ್ತ್ರದ ಮೇಡಂ ಬಳಿ ಕೇಳಿದೆ. "ಬರಿ, ಆದರೆ ಸರಿಯಾಗಿ ತಿಳಿದುಕೊಂಡು ಬರಿ" ಎಂದರು.

ನನ್ನ ಖಾಲಾಗೆ ಸ್ತನ ಕ್ಯಾನ್ಸರ್. ವಯಸ್ಸು 46. ಸ್ನಾನ ಮಾಡುವಾಗ ಎಡಭಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತಂತೆ. ಏಳು ತಿಂಗಳು ಯಾರಿಗೂ ಹೇಳಲಿಲ್ಲ. "ನೋವೇ ಇರ್ಲಿಲ್ಲ ಬೇಟಾ, ನೋವಿದ್ದಿದ್ರೆ ಹೇಳ್ತಿದ್ದೆ" ಎನ್ನುತ್ತಾರೆ ಈಗ. ನಾಚಿಕೆಯೂ ಇತ್ತು. ರಮಝಾನ್ ಕಳೆಯಲಿ, ಮಗಳ ಮದುವೆ ಮುಗಿಯಲಿ ಎಂದು ಮುಂದೂಡುತ್ತಾ ಹೋದರು. ಕಂಕುಳಲ್ಲೂ ಒಂದು ಗಂಟು ಕಾಣಿಸಿದ ಮೇಲೆ ಅಮ್ಮಿಗೆ ಹೇಳಿದರು.

ನೋವಿಲ್ಲದಿದ್ದರೆ ರೋಗವಿಲ್ಲ ಎಂದು ನಾನೂ ತಿಳಿದಿದ್ದೆ. ಆದರೆ ಈ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಗಟ್ಟಿಯಾಗಿ, ಅಂಚು ಸರಿಯಿಲ್ಲದೆ, ಒತ್ತಿದರೆ ಜರುಗದೆ ಇರಬಹುದು. ಗಂಟೇ ಇಲ್ಲದೆಯೂ ಬರಬಹುದು. ಒಳಗಿನ ಗಡ್ಡೆ ಸುತ್ತಲಿನ ಎಳೆಗಳನ್ನು ಎಳೆದುಕೊಂಡಾಗ ಚರ್ಮದಲ್ಲಿ ಗುಳಿ ಬೀಳುತ್ತದೆ, ಇಲ್ಲವೇ ಮೊದಲು ಸರಿಯಿದ್ದ ತೊಟ್ಟು ಒಳಗೆ ಸರಿಯುತ್ತದೆ. ದುಗ್ಧನಾಳಗಳು ಮುಚ್ಚಿಕೊಂಡರೆ ಚರ್ಮ ಊದಿ ಕಿತ್ತಳೆ ಸಿಪ್ಪೆಯಂತೆ ಕಾಣುತ್ತದೆ. ತೊಟ್ಟಿನಿಂದ ರಕ್ತ ಬೆರೆತ ದ್ರವ, ವಾಸಿಯಾಗದ ತುರಿಕೆ ಅಥವಾ ಹುಣ್ಣು, ಒಂದು ಬದಿಯ ಗಾತ್ರದಲ್ಲಿ ಹೊಸ ವ್ಯತ್ಯಾಸ, ಇವನ್ನೂ ಬಿಡಬಾರದು.

ಗೆಳತಿಯರೇ, ಇದನ್ನು ಓದಿ ಗಾಬರಿಯಾಗಬೇಡಿ (ನಾನು ಒಂದು ವಾರ ಆಗಿದ್ದೆ!). ನಮ್ಮ ವಯಸ್ಸಿನಲ್ಲಿ ಸಿಗುವ ಗಂಟು ಹೆಚ್ಚಾಗಿ ಫೈಬ್ರೊಅಡಿನೋಮ. ಬೆರಳಿಟ್ಟರೆ ಗೋಲಿಯಂತೆ ಜಾರುತ್ತದೆ, ಅದು ಕ್ಯಾನ್ಸರ್ ಅಲ್ಲ. ಆದರೂ ಯಾವುದು ಏನೆಂದು ಹೇಳಬೇಕಾದವರು ಡಾಕ್ಟರ್, ನಾವಲ್ಲ. ಮುಟ್ಟಿಗೆ ಮುಂಚೆ ಹಾರ್ಮೋನಿನಿಂದ ಗಂಟುಗಂಟಾಗಿ ಅನಿಸುವುದು, ನೋಯುವುದು ಸಾಮಾನ್ಯ. ಅದಕ್ಕೇ ಮುಟ್ಟು ನಿಂತು ಕೆಲವು ದಿನಗಳಾದ ಮೇಲೆ ಗಮನಿಸುವುದು ಒಳ್ಳೆಯದು.

ತಿಂಗಳಿಗೊಮ್ಮೆ ಇಂಥದೇ ಕ್ರಮದಲ್ಲಿ ಪರೀಕ್ಷಿಸಿಕೊಳ್ಳಲೇಬೇಕೇ? ಚೀನಾದ ಶಾಂಘೈನಲ್ಲಿ 2.6 ಲಕ್ಷಕ್ಕೂ ಹೆಚ್ಚು ಕಾರ್ಖಾನೆ ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಆ ವಿಧಾನ ಕಲಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ಅನಗತ್ಯ ಬಯಾಪ್ಸಿ ಮಾತ್ರ ಹೆಚ್ಚಾಯಿತು. ಹಾಗಾಗಿ ಈಗ ಅನೇಕ ವೈದ್ಯರು ಹೇಳುವುದು ಇಷ್ಟೇ: ನಿಮ್ಮ ದೇಹ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ತಿಳಿದಿರಿ, ಬದಲಾವಣೆ ಕಂಡರೆ ತಡಮಾಡಬೇಡಿ. ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ಕನ್ನಡಿಯ ಮುಂದೆ ಒಂದು ನಿಮಿಷ ಸಾಕು. ಕಂಕುಳನ್ನು ಮರೆಯಬೇಡಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಖಾಲಾಗೆ ಯಾರೋ ಹೆದರಿಸಿದ್ದರು. ಅದು ಸುಳ್ಳು. ಆ ಪರೀಕ್ಷೆಯಿಲ್ಲದೆ ಯಾವ ಚಿಕಿತ್ಸೆ ಕೊಡಬೇಕೆಂದೇ ಗೊತ್ತಾಗುವುದಿಲ್ಲ. ಲೇಡಿ ಡಾಕ್ಟರೇ ಬೇಕೆಂದು ಕೇಳುವುದರಲ್ಲೂ ತಪ್ಪಿಲ್ಲ, ನಾವೂ ಕೇಳಿದೆವು. ಅಂದಹಾಗೆ, ಹುಡುಗರೂ ಇದನ್ನು ಓದಿ. ಅಪರೂಪವಾದರೂ ಗಂಡಸರಿಗೂ ಬರುತ್ತದೆ, ನೂರರಲ್ಲಿ ಒಂದು ಇಲ್ಲವೇ ಅದಕ್ಕಿಂತ ಕಡಿಮೆ.

ಖಾಲಾಗೆ ಈಗ ಐದನೇ ಕೀಮೋ ಮುಗಿದಿದೆ. ಕೂದಲು ಉದುರಿದೆ, ಊಟ ಸೇರುವುದಿಲ್ಲ. ಕಳೆದ ವಾರ ಅಮ್ಮಿ ಮ್ಯಾಮೊಗ್ರಾಮ್‌ಗೆ ಹೋಗಲು ಇವತ್ತು ನಾಳೆ ಎನ್ನುತ್ತಿದ್ದಾಗ, ದುಪಟ್ಟಾ ಬಿಗಿದುಕೊಂಡು ಆಟೋದಲ್ಲಿ ಮೊದಲು ಹೋಗಿ ಕುಳಿತವರು ಅವರೇ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ