ಮರದ ಕೊಟ್ಟಿಗೆಗೆ ಪಂಚಾಂಗ

ತೋಟದಲ್ಲಿ ಪಂಪು, ಮೈಲುತುತ್ತು, ಹಾರೆ ಪಿಕ್ಕಾಸುಗಳನ್ನು ಇಡಲು ಒಂದು ಚಿಕ್ಕ ಮರದ ಕೊಟ್ಟಿಗೆ ಬೇಕೇ ಬೇಕು. ಗುಳಿ ತೋಡಿ, ಕಂಬ ಹೂತು, ಮಣ್ಣು ತುಂಬಿಸಿ ಗುದ್ದಿದರೆ ಪಂಚಾಂಗದ ಕೆಲಸ ಮುಗಿಯಿತೆಂದು ನಮ್ಮಲ್ಲಿ ಹೆಚ್ಚಿನವರು ತಿಳಿಯುತ್ತಾರೆ. ನಾನೂ ಹಾಗೆಯೇ ಮಾಡಿದ್ದೆನು. ನಾಲ್ಕನೆಯ ಮಳೆಗಾಲದಲ್ಲಿ, ಆಟಿ ತಿಂಗಳ ಒಂದು ರಾತ್ರಿ, ಕೊಟ್ಟಿಗೆ ಪಂಪಿನ ಮೇಲೆಯೇ ವಾಲಿ ಬಿತ್ತು.

ಕಂಬಗಳನ್ನು ಕಿತ್ತು ನೋಡಿದರೆ ಎರಡಡಿ ಆಳದಲ್ಲಿದ್ದ ಬುಡ ಬಹುಮಟ್ಟಿಗೆ ಗಟ್ಟಿ, ಮೇಲ್ಭಾಗವೂ ಗಟ್ಟಿ. ನೆಲದ ಮಟ್ಟದಲ್ಲಿ ಮಾತ್ರ ಗೇಣುದ್ದ ಭಾಗ ಕುಂಬಾಗಿ ಸಣಕಲಾಗಿತ್ತು. ಅದರಲ್ಲೊಂದನ್ನು ಶಾಲೆಗೆ ಒಯ್ದು ಮಕ್ಕಳಿಗೂ ತೋರಿಸಿದೆನು. ಮರವನ್ನು ಕೆಡಿಸುವ ಬೂಷ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ನೀರಿದೆ, ಗಾಳಿ ಸಾಲದು; ಮೇಲೆ ಗಾಳಿಯಿದೆ, ನೀರು ನಿಲ್ಲದು. ಎರಡೂ ಕೂಡುವುದು ನೆಲದ ಮಟ್ಟದಲ್ಲಿ. ಒರಲೆ ಹತ್ತುವುದೂ ಮಣ್ಣಿನಿಂದಲೇ. ಆದುದರಿಂದ ಕಂಬವನ್ನು ಹೂಳಕೂಡದು, ಕಲ್ಲಿನ ಮೇಲೆ ನಿಲ್ಲಿಸತಕ್ಕದ್ದು. ಹಳೆಯ ಮನೆಗಳ ಚಾವಡಿಯ ಕಂಬಗಳಿಗೆ ಅಡಿಗಲ್ಲು ಇಟ್ಟದ್ದು ಅಂದಕ್ಕಾಗಿ ಮಾತ್ರವಲ್ಲ.

ಕಣಿಯ ನೀರು ಉಕ್ಕಿ ಬರದ ಎತ್ತರದ ಜಾಗವನ್ನು ಆರಿಸಿರಿ. ತೆಂಗಿನ ಮರದ ಕೆಳಗೆ ಬೇಡ. ಒಂದು ಬದಿಗೆ 6 ಅಡಿ, ಇನ್ನೊಂದಕ್ಕೆ 8 ಅಡಿ ಅಳೆದಾಗ ಓರೆ ಹಗ್ಗ ಸರಿಯಾಗಿ 10 ಅಡಿ ಬಂದರೆ ಮೂಲೆ ನೇರವಾಗಿದೆಯೆಂದರ್ಥ.

ಗುಳಿ ಒಂದೂವರೆ ಅಡಿ ಚದರವಿರಲಿ. ಆಳಕ್ಕೆ ಲೆಕ್ಕವಿಲ್ಲ: ಮೆತ್ತಗಿನ ಕರಿಮಣ್ಣು ಮುಗಿದು ಹಾರೆ ಗಟ್ಟಿ ನೆಲಕ್ಕೆ ತಾಗುವವರೆಗೆ ತೋಡಬೇಕು. ಗುಡ್ಡದ ಬದಿಯಲ್ಲಿ ನನಗೆ ಒಂದೂವರೆ ಅಡಿಗೆ ಸಿಕ್ಕಿತು, ಬೈಲಿನಲ್ಲಿ ಎರಡೂವರೆಯೂ ಆದೀತು. ಆಳ ಹೆಚ್ಚಾಯಿತೆಂದು ಸಡಿಲ ಮಣ್ಣನ್ನು ಪುನಃ ತುಂಬಿಸಬೇಡಿ. ಅಡಿಗೆ 4 ಅಂಗುಲ ಜಲ್ಲಿ ಗುದ್ದಿ, ಅದರ ಮೇಲೆ ಒಂದು ಪಾಲು ಸಿಮೆಂಟು, ಮೂರು ಪಾಲು ಹೊಯಿಗೆ, ಆರು ಪಾಲು ಜಲ್ಲಿಯ ಕಾಂಕ್ರೀಟು 6 ಅಂಗುಲ ಹಾಕಿರಿ. ಶೀಟಿನ ಮಾಡು ಹಗುರ, ಗಾಳಿ ಅದನ್ನು ಮೇಲೆತ್ತುತ್ತದೆ. ಈ ಕಾಂಕ್ರೀಟಿನಲ್ಲಿಯೇ ಕಬ್ಬಿಣದ ಪಟ್ಟಿಯೊಂದನ್ನು ಹೂತು, ಕಲ್ಲುಗಳ ಸಂದಿಯಲ್ಲಿ ಮೇಲಕ್ಕೆ ತಂದು, ಕಂಬಕ್ಕೆ ಎರಡು ಬೋಲ್ಟು ಬಿಗಿಯಬೇಕು.

ಕೆಂಪುಕಲ್ಲಿನ ಕಟ್ಟೆ ನೆಲದಿಂದ ಒಂದಡಿಗೆ ಕಡಿಮೆಯಾಗಬಾರದು, ಏಕೆಂದರೆ ಮಾಡಿನಿಂದ ಬಿದ್ದ ನೀರು ಸುಮಾರು ಅಷ್ಟು ಎತ್ತರ ಸಿಡಿಯುತ್ತದೆ. ಎಲ್ಲ ಕಟ್ಟೆಗಳ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನೋಡಿಕೊಳ್ಳಿರಿ. ಒಳಗೆ ಗಾಳಿಗುಳ್ಳೆ ಇರಬಾರದು. ಕೆಂಪುಕಲ್ಲು ನೀರು ಹೀರುವುದರಿಂದ ತುದಿಗೆ 3 ಅಂಗುಲ ಕಾಂಕ್ರೀಟಿನ ಮುಚ್ಚಳ ಅವಶ್ಯ. ಒಂದು ವಾರ ನೀರುಣಿಸಿರಿ. ಬಳಿಕ ಕಟ್ಟೆಯಿಂದ ಸುತ್ತಲೂ 2 ಅಂಗುಲ ಹೊರಚಾಚುವ ಸತುವಿನ ತಗಡನ್ನಿಟ್ಟು, ಅಂಚನ್ನು ಕೆಳಕ್ಕೆ ಬಗ್ಗಿಸಿ, ಪಟ್ಟಿ ಹಾಯುವ ಸೀಳಿಗೆ ಡಾಂಬರು ಮೆತ್ತಿರಿ. ಒರಲೆ ತಗಡನ್ನೂ ಸುತ್ತಿ ಬಂದೀತು; ಆದರೆ ಅದರ ಮಣ್ಣಿನ ಗೂಡು ಕಣ್ಣಿಗೆ ಬೀಳುತ್ತದೆ, ಗುಡಿಸಿ ಹಾಕಬಹುದು.

ಮರ ನೀರು ಕುಡಿಯುವುದು ಕೊಯ್ದ ತುದಿಯಿಂದ. ಕಂಬದ ಅಡಿಗೆ ಎರಡು ಮೂರು ಸಲ ಗೇರೆಣ್ಣೆ ಬಳಿಯಿರಿ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಜಾಗ್ರತೆ.

ಹೊಸ ಕೊಟ್ಟಿಗೆ ಏಳು ಮಳೆಗಾಲ ಕಂಡಿದೆ. ಕಲ್ಲು ಸಾಲದೆ ಅರ್ಧ ಅಡಿಗೇ ನಿಲ್ಲಿಸಿದ ಹಿಂದಿನ ಮೂಲೆಯ ಕಂಬದ ಬುಡ ಮಾತ್ರ ಈಗಲೇ ಕಪ್ಪಾಗತೊಡಗಿದೆ.