ವಿಮಾನವು ನೆಲದ ಮೇಲಿರುವಾಗ

ಹೆಗ್ಗನಹಳ್ಳಿಯಿಂದ ವಿಮಾನ ನಿಲ್ದಾಣಕ್ಕೆ ಹೊರಟವರಿಗೆ ಪೀಣ್ಯದ ಲಾರಿಗಳ ಸಂದಣಿಯನ್ನು ದಾಟಿ, ಹೆಬ್ಬಾಳವನ್ನು ಹಾದು, ದೇವನಹಳ್ಳಿಯ ಸಮೀಪವನ್ನು ಸೇರುವುದೇ ಒಂದು ದೊಡ್ಡ ಪ್ರಯಾಣವಾಗುತ್ತದೆ. ಅಷ್ಟೆಲ್ಲ ಆಗಿ, ವಿಮಾನದೊಳಗೆ ಕುಳಿತು, ನಡುಪಟ್ಟಿಯನ್ನು ಬಿಗಿದುಕೊಂಡ ಮೇಲೂ ಅದು ಒಡನೆಯೇ ಹಾರಿಬಿಡುವುದಿಲ್ಲ. ತೇರು ಸಾಗುವಂತೆ ಮೆಲ್ಲನೆ ಉರುಳುತ್ತದೆ, ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ಉರುಳುತ್ತದೆ. ನೆಲದ ಮೇಲಿನ ಈ ಸಂಚಾರಕ್ಕೆ ವೈಮಾನಿಕರು ಟ್ಯಾಕ್ಸಿ ಮಾಡುವುದೆಂದು ಹೆಸರಿಟ್ಟಿದ್ದಾರೆ. ಪ್ರಯಾಣಿಕರಲ್ಲಿ ಅನೇಕರು ಇದನ್ನು ಬರಿಯ ಕಾಲಹರಣವೆಂದು ಭಾವಿಸಿ ಗೊಣಗುವುದುಂಟು. ವಿಮಾನದ ಅಪಾಯವೆಲ್ಲ ಆಕಾಶದಲ್ಲಿದೆ, ನೆಲದ ಮೇಲಿರುವಷ್ಟು ಹೊತ್ತು ಭಯವಿಲ್ಲ ಎಂಬುದು ನಮ್ಮ ಜನರ ಸಾಮಾನ್ಯ ತಿಳಿವಳಿಕೆ. ಆದರೆ ವಿಮಾನಯಾನದ ಚರಿತ್ರೆಯಲ್ಲಿಯೇ ಅತ್ಯಂತ ಹೆಚ್ಚು ಮಂದಿ ಮಡಿದ ಅಪಘಾತವು ಸಂಭವಿಸಿದುದು ನೆಲದ ಮೇಲೆಯೇ. ಆದುದರಿಂದ ಆ ನೆಲದ ಮೇಲೆ ಬರೆದಿರುವ ಗೆರೆಗಳ ಅರ್ಥವನ್ನು ವಾಚಕರಿಗೆ ಕೊಂಚ ವಿವರಿಸುವುದು ಉಚಿತವೆಂದು ನಮಗೆ ತೋರುತ್ತದೆ.

ವಿಮಾನವು ಓಡಿ ಮೇಲೇಳುವ ಮತ್ತು ಬಂದಿಳಿಯುವ ಹಾದಿಗೆ ರನ್‌ವೇ ಎಂದು ಹೆಸರು. ಅದರ ಮೇಲಣ ಗುರುತುಗಳೆಲ್ಲ ಬಿಳಿಯವು. ಅಲ್ಲಿಗೆ ಹೋಗಿ ಬರುವ ಉಪಮಾರ್ಗಗಳು ಟ್ಯಾಕ್ಸಿವೇಗಳು. ಅವುಗಳ ಗುರುತು ಹಳದಿ. ರಾತ್ರಿಯಲ್ಲಿ ಉಪಮಾರ್ಗದ ಅಂಚಿಗೆ ನೀಲಿ ದೀಪ, ನಡುವೆ ಹಸುರು ದೀಪ. ಕಪ್ಪು ಹಲಗೆಯ ಮೇಲಿನ ಹಳದಿ ಅಕ್ಷರವು ‘ನೀನಿರುವ ಸ್ಥಳವಿದು’ ಎಂದು ಹೇಳುತ್ತದೆ. ಹಳದಿ ಹಲಗೆಯ ಮೇಲಿನ ಕಪ್ಪಕ್ಷರವು ಮುಂದಿನ ದಾರಿ ಎಲ್ಲಿಗೆಂಬುದನ್ನು ತಿಳಿಸುತ್ತದೆ. ಕೆಂಪು ಹಲಗೆಯ ಮೇಲೆ ಬಿಳಿಯಕ್ಷರ ಕಂಡರೆ ಅಪ್ಪಣೆಯಿಲ್ಲದೆ ಮುಂದಡಿಯಿಡಲಾಗದು. ಉಪಮಾರ್ಗಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರನ್ನಿಡುವುದು ರೂಢಿ. ಅವುಗಳಲ್ಲಿ ಐ, ಓ ಮತ್ತು ಎಕ್ಸ್ ಎಂಬ ಮೂರನ್ನು ಬಿಟ್ಟುಬಿಟ್ಟಿದ್ದಾರೆ. ಐ ಎಂಬುದು ಒಂದರಂತೆಯೂ ಓ ಎಂಬುದು ಸೊನ್ನೆಯಂತೆಯೂ ಕಾಣುವುದು. ಎಕ್ಸ್ ಎಂಬುದಾದರೋ ಮುಚ್ಚಿದ ಹಾದಿಯ ಮೇಲೆ ಬಳಿಯುವ ಗುರುತು.

ಎಲ್ಲಕ್ಕಿಂತ ಮುಖ್ಯವಾದುದು ಉಪಮಾರ್ಗವು ರನ್‌ವೇಯನ್ನು ಕೂಡುವೆಡೆಯಲ್ಲಿ ಅಡ್ಡಲಾಗಿ ಬರೆದ ನಾಲ್ಕು ಹಳದಿ ಗೆರೆಗಳು. ಎರಡು ಅಖಂಡವಾದವು, ಎರಡು ತುಂಡುತುಂಡಾದವು. ಅಖಂಡ ಗೆರೆಯ ಕಡೆಯಿಂದ ಬಂದ ವಿಮಾನವು ಅಪ್ಪಣೆಯಾಗುವವರೆಗೂ ಅಲ್ಲಿಯೇ ನಿಲ್ಲತಕ್ಕದ್ದು. ರನ್‌ವೇಯಿಂದ ಹೊರಬರುತ್ತ ತುಂಡುಗೆರೆಯನ್ನು ಮೊದಲು ಕಂಡ ವಿಮಾನವು ನಿಲ್ಲದೆ ದಾಟತಕ್ಕದ್ದು. ಇದನ್ನು ವೈಮಾನಿಕರ ಲಕ್ಷ್ಮಣರೇಖೆಯೆಂದರೆ ತಪ್ಪಾಗಲಾರದು.

ಇನ್ನು ರನ್‌ವೇಯ ತುದಿಯಲ್ಲಿ ಬರೆದಿರುವ ಸಂಖ್ಯೆಯ ವಿಚಾರ. ಅದು ದಿಕ್ಸೂಚಿಯ ಅಂಶಗಳನ್ನು ಹತ್ತರಿಂದ ಭಾಗಿಸಿ ಪಡೆದ ಅಂಕ. ಪೂರ್ವಕ್ಕೆ ೯೦ ಅಂಶ. ಆದುದರಿಂದ ಪೂರ್ವಾಭಿಮುಖವಾಗಿ ಓಡುವ ತುದಿಗೆ ೦೯. ಪಶ್ಚಿಮಾಭಿಮುಖವಾದ ತುದಿಗೆ ೨೭. ಬೆಂಗಳೂರಿನ ಹಳೆಯ ಎಚ್.ಎ.ಎಲ್. ನಿಲ್ದಾಣದ ಹಾದಿಯೂ ೦೯–೨೭, ಯಲಹಂಕದ ವಾಯುಪಡೆಯ ನೆಲೆಯದೂ ಅದೇ. ಜಕ್ಕೂರಿನದು ಮಾತ್ರ ೦೮–೨೬. ೨೦೦೮ನೆಯ ಇಸವಿ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣವು ಆರಂಭವಾದಾಗ ಅದಕ್ಕೂ ಇದ್ದುದು ಒಂದೇ ಹಾದಿ. ಅದರ ಸಂಖ್ಯೆಯೂ ೦೯–೨೭.

೨೦೧೯ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಅಲ್ಲಿ ದಕ್ಷಿಣಕ್ಕೆ ಎರಡನೆಯ ಹಾದಿಯು ಸಿದ್ಧವಾಯಿತು. ಎರಡೂ ಒಂದೇ ದಿಕ್ಕಿಗೆ ಸಮಾನಾಂತರವಾಗಿರುವುದರಿಂದ ಎರಡಕ್ಕೂ ಸಂಖ್ಯೆ ಒಂದೇ. ಭೇದವನ್ನು ತಿಳಿಸಲು ಎಡ, ಬಲ ಎಂಬ ಅಕ್ಷರಗಳನ್ನು ಸೇರಿಸಬೇಕಾಯಿತು. ಪೂರ್ವಕ್ಕೆ ಮುಖಮಾಡಿದವನಿಗೆ ಉತ್ತರದ ಹಾದಿ ಎಡದ್ದು. ಪಶ್ಚಿಮಕ್ಕೆ ಮುಖಮಾಡಿದವನಿಗೆ ಅದೇ ಹಾದಿ ಬಲದ್ದು! ಬೆಳಗ್ಗೆ ‘೦೯ ಎಡ’ ಎನಿಸಿಕೊಂಡುದು ಗಾಳಿ ತಿರುಗಿದೊಡನೆ ‘೨೭ ಬಲ’ ಎನಿಸಿಕೊಳ್ಳುತ್ತದೆ. ಮನೆಯ ಬಾಗಿಲ ಮೇಲೆ ಹಳೆಯ ಸಂಖ್ಯೆ, ಹೊಸ ಸಂಖ್ಯೆಗಳೆರಡನ್ನೂ ಬರೆದುಕೊಂಡಿರುವ ನಮ್ಮ ಬಡಾವಣೆಗಳ ನಿವಾಸಿಗಳಿಗೆ ಇದರ ತೊಡಕನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಂಚೆಯವನು ಮನೆ ತಪ್ಪಿದರೆ ಕಾಗದವು ಪಕ್ಕದ ಮನೆಗೆ ಹೋದೀತು, ಅಷ್ಟೆ. ಇಲ್ಲಿ ಹಾಗಲ್ಲ.

೨೦೦೦ನೆಯ ಇಸವಿ ಅಕ್ಟೋಬರ್ ೩೧ರ ರಾತ್ರಿ ತೈಪೆ ನಗರದಲ್ಲಿ ಸಿಂಗಪುರದ ವಿಮಾನವೊಂದು ಬಿರುಗಾಳಿಮಳೆಯಲ್ಲಿ ‘೦೫ ಎಡ’ ಎಂಬ ಹಾದಿಗೆ ಬದಲಾಗಿ, ದುರಸ್ತಿಗೆಂದು ಮುಚ್ಚಿದ್ದ ‘೦೫ ಬಲ’ಕ್ಕೆ ತಿರುಗಿ, ಅಲ್ಲಿದ್ದ ಯಂತ್ರಗಳಿಗೆ ಬಡಿಯಿತು; ೮೩ ಮಂದಿ ಮಡಿದರು. ಅದಕ್ಕೂ ಮುಂಚೆ ೧೯೭೭ನೆಯ ಇಸವಿ ಮಾರ್ಚ್ ೨೭ರಂದು ಟೆನೆರಿಫ್ ದ್ವೀಪದಲ್ಲಿ ನಡೆದುದೇ ನಾವು ಮೊದಲು ಸೂಚಿಸಿದ ಮಹಾಪಘಾತ. ದಟ್ಟವಾದ ಮಂಜಿನಲ್ಲಿ, ಇತರ ಮಾರ್ಗಗಳು ತುಂಬಿಹೋಗಿದ್ದುದರಿಂದ ರನ್‌ವೇಯ ಮೇಲೆಯೇ ಸಾಗುತ್ತಿದ್ದ ಒಂದು ವಿಮಾನಕ್ಕೆ ಮೂರನೆಯ ತಿರುವಿನಲ್ಲಿ ಹೊರಳುವಂತೆ ಹೇಳಲಾಗಿತ್ತು. ಹಲಗೆಯ ಗುರುತಿಲ್ಲದ ಆ ತಿರುವು ದಾಟಿಹೋಯಿತು. ಅಷ್ಟರಲ್ಲಿ ಎದುರು ತುದಿಯಲ್ಲಿದ್ದ ಮತ್ತೊಂದು ವಿಮಾನವು ಅಪ್ಪಣೆಯಿಲ್ಲದೆಯೇ ಓಟವನ್ನಾರಂಭಿಸಿತು. ೫೮೩ ಜೀವಗಳು ಹೋದವು. ‘ಮೇಲೇಳು’ ಎಂಬರ್ಥದ ಮಾತನ್ನು ನಿಜವಾದ ಅಪ್ಪಣೆಯನ್ನು ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗಲ್ಲದೆ ಬೇರೆಲ್ಲಿಯೂ ಉಚ್ಚರಿಸಬಾರದೆಂಬ ನಿಯಮವು ಬಂದುದು ಆ ಬಳಿಕ.

ಆದರೆ ನಮ್ಮ ಮನಸ್ಸನ್ನು ಹೆಚ್ಚು ಕಲಕಿದುದು ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದ ಸಂಗತಿ. ೨೦೦೧ನೆಯ ಇಸವಿ ಅಕ್ಟೋಬರ್ ೮ರ ಬೆಳಗ್ಗೆ ಅಲ್ಲಿಯೂ ಮಂಜು. ಸಣ್ಣ ವಿಮಾನವೊಂದಕ್ಕೆ ‘ಆರ್ ೫’ ಎಂಬ ಉಪಮಾರ್ಗದಲ್ಲಿ ಹೋಗೆಂದು ಅಪ್ಪಣೆಯಾಯಿತು. ಅದು ‘ಆರ್ ೬’ ಎಂಬುದನ್ನು ಹಿಡಿಯಿತು. ಒಂದು ಉತ್ತರಕ್ಕೆ ಸುತ್ತಿಹೋಗುವ ದಾರಿ, ಇನ್ನೊಂದು ನೇರವಾಗಿ ರನ್‌ವೇಯನ್ನು ಅಡ್ಡಹಾಯುವ ದಾರಿ. ದಾರಿಯಲ್ಲಿ ಚಾಲಕನು ನೆಲದ ಮೇಲೆ ‘ಎಸ್ ೪’ ಎಂಬ ಗುರುತನ್ನು ಕಂಡು ಗೋಪುರಕ್ಕೆ ಪ್ರಾಮಾಣಿಕವಾಗಿ ತಿಳಿಸಿದನು. ಗೋಪುರದ ಅಧಿಕಾರಿಯ ನಕ್ಷೆಯಲ್ಲಿ ಅಂತಹ ಗುರುತೇ ಇರಲಿಲ್ಲ! ನೆಲದ ಮೇಲಣ ವಿಮಾನಗಳನ್ನು ತೋರಿಸುವ ರೇಡಾರ್ ಯಂತ್ರವೂ ಆಗ ಕೆಲಸ ಮಾಡುತ್ತಿರಲಿಲ್ಲ. ಆತನು ಎಲ್ಲವೂ ಸರಿಯಿದೆಯೆಂದೆಣಿಸಿ ಮುಂದೆ ಸಾಗಲು ಹೇಳಿದನು. ಪೂರ್ಣವೇಗದಲ್ಲಿ ಮೇಲೇಳುತ್ತಿದ್ದ ದೊಡ್ಡ ವಿಮಾನಕ್ಕೆ ಈ ಸಣ್ಣ ವಿಮಾನವು ಅಡ್ಡವಾಯಿತು. ಎರಡರಲ್ಲಿದ್ದವರೂ ನೆಲದ ಮೇಲಿದ್ದ ನಾಲ್ವರೂ ಸೇರಿ ೧೧೮ ಮಂದಿ ಮಡಿದರು. ಇಲ್ಲಿ ಚಾಲಕನೊಬ್ಬನನ್ನೇ ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ನೆಲವೊಂದು ಹೇಳಿ ನಕ್ಷೆಯೊಂದು ಹೇಳುವಲ್ಲಿ ಗುರುತು ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಗುರುತಿಲ್ಲದವನು ನಿಂತಾದರೂ ಕೇಳುತ್ತಿದ್ದನು.

ದೂರದ ದೇಶಗಳ ಮಾತಾಯಿತು. ಬಣ್ಣದ ಗುರುತುಗಳೆಲ್ಲ ಸರಿಯಿದ್ದರೂ, ಈ ಹೊತ್ತಿನಲ್ಲಿ ಯಾವ ಹಾದಿ ಯಾವುದಕ್ಕೆ ಮೀಸಲು ಎಂಬ ತಿಳಿವು ಎಲ್ಲರಲ್ಲಿಯೂ ಒಂದೇ ಆಗಿರದಿದ್ದರೆ ಏನಾದೀತೆಂಬುದನ್ನು ನಮ್ಮ ಬೆಂಗಳೂರೇ ಕಂಡಿದೆ. ೨೦೨೨ನೆಯ ಇಸವಿ ಜನವರಿ ೭ರ ಬೆಳಗ್ಗೆ ದೇವನಹಳ್ಳಿಯಲ್ಲಿ ಉತ್ತರದ ಹಾದಿಯಿಂದ ಹೊರಡುವುದು, ದಕ್ಷಿಣದ ಹಾದಿಯಲ್ಲಿ ಇಳಿಯುವುದು ಎಂಬ ಏರ್ಪಾಡಿತ್ತು. ನಡುವೆ, ದಕ್ಷಿಣದ ಹಾದಿಯನ್ನು ಮುಚ್ಚಿ ಎರಡಕ್ಕೂ ಉತ್ತರದ ಹಾದಿಯೊಂದನ್ನೇ ಬಳಸುವುದೆಂದು ನಿಶ್ಚಯವಾಯಿತು. ಈ ನಿಶ್ಚಯವು ದಕ್ಷಿಣದ ಹಾದಿಯನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಮುಟ್ಟಲಿಲ್ಲ. ಫಲವಾಗಿ ಕಲ್ಕತ್ತೆಗೆ ಹೋಗುವ ಒಂದು ವಿಮಾನವೂ ಭುವನೇಶ್ವರಕ್ಕೆ ಹೋಗುವ ಒಂದು ವಿಮಾನವೂ, ಒಂದೇ ಸಂಸ್ಥೆಯವು, ಎರಡು ಹಾದಿಗಳಿಂದ ಕೆಲವೇ ನಿಮಿಷಗಳ ಅಂತರದಲ್ಲಿ ಒಂದೇ ದಿಕ್ಕಿಗೆ ಮೇಲೆದ್ದು, ಆಕಾಶದಲ್ಲಿ ಒಂದರ ಕಡೆಗೊಂದು ವಾಲತೊಡಗಿದವು. ಎರಡರಲ್ಲಿಯೂ ಸೇರಿ ೪೨೬ ಜನರಿದ್ದರು. ರೇಡಾರ್ ಯಂತ್ರದ ಮುಂದೆ ಕುಳಿತಿದ್ದ ಅಧಿಕಾರಿಯು ಅದನ್ನು ಕಂಡು, ತಟ್ಟನೆ ಅವುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದುದರಿಂದ ಎಲ್ಲರೂ ಬದುಕಿದರು. ಸಂಗತಿಯು ಪತ್ರಿಕೆಗಳಲ್ಲಿ ಬಂದುದು ಸುಮಾರು ಹನ್ನೆರಡು ದಿವಸಗಳ ಮೇಲೆ. ಆ ವಿಮಾನಗಳಲ್ಲಿದ್ದವರಲ್ಲಿ ಎಷ್ಟು ಮಂದಿ ಆಗ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬೆರಗಾದರೋ!

ಹೀಗಿರುವುದರಿಂದಲೇ ಚಾಲಕನು ಗೋಪುರದಿಂದ ಕೇಳಿದ ಅಪ್ಪಣೆಯನ್ನು, ಪಾಠ ಒಪ್ಪಿಸುವ ಹುಡುಗನಂತೆ, ತಿರುಗಿ ನುಡಿದು ಒಪ್ಪಿಸಬೇಕೆಂಬ ನಿಯಮವಿದೆ. ಟ್ಯಾಕ್ಸಿ ಮಾಡುವಾಗ ಇಬ್ಬರು ಚಾಲಕರಲ್ಲಿ ಒಬ್ಬನ ಕಣ್ಣು ಹೊರಗಿದ್ದರೆ ಇನ್ನೊಬ್ಬನು ನಕ್ಷೆಯನ್ನು ನೋಡುತ್ತ ತಿರುವುಗಳನ್ನು ಹೇಳುತ್ತಿರುತ್ತಾನೆ. ತಾನೆಲ್ಲಿದ್ದೇನೆಂಬುದರಲ್ಲಿ ಲವಲೇಶ ಸಂಶಯ ಬಂದರೂ ವಿಮಾನವನ್ನು ನಿಲ್ಲಿಸಿ ಗೋಪುರವನ್ನು ಕೇಳತಕ್ಕದ್ದು. ರನ್‌ವೇಯ ಮೇಲಿದ್ದರೆ ಮಾತ್ರ ಮೊದಲು ಅದನ್ನು ಬಿಟ್ಟು ಹೊರಬಂದು ಬಳಿಕ ನಿಲ್ಲತಕ್ಕದ್ದು. ನೂರಾರು ಪ್ರಯಾಣಿಕರು ಗಡಿಯಾರವನ್ನು ನೋಡಿಕೊಳ್ಳುತ್ತಿರುವಾಗ ‘ನಾನೆಲ್ಲಿರುವೆನೋ ತಿಳಿಯದು’ ಎಂದು ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು. ನಾವು ಕಿಟಕಿಯ ಬಳಿ ಕುಳಿತು ಬೇಸರಪಡುವ ನಿಲುಗಡೆಗಳಲ್ಲಿ ಕೆಲವು ಇಂತಹವೂ ಇದ್ದಾವು.

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದೇವನಹಳ್ಳಿಯ ಬಯಲಿನ ಮೇಲೆ ಬೆಳಗಿನ ಜಾವ ಮಂಜು ಕವಿಯುವುದು ವಾಡಿಕೆ. ಅಂತಹ ಹೊತ್ತಿನಲ್ಲಿ ದಾರಿ ಕಾಣದ ಚಾಲಕನಿಗೆ ದೊಡ್ಡ ನಿಲ್ದಾಣಗಳಲ್ಲಿ ಇನ್ನೊಂದು ಉಪಾಯವುಂಟು. ಆತನು ಕೇಳಿಕೊಂಡರೆ ‘ನನ್ನನ್ನು ಹಿಂಬಾಲಿಸು’ ಎಂದು ಬೆನ್ನಿನ ಮೇಲೆ ಬರೆದುಕೊಂಡಿರುವ ಪುಟ್ಟ ಮೋಟಾರು ಗಾಡಿಯೊಂದು ದೀಪವನ್ನು ಮಿನುಗಿಸುತ್ತ ಬಂದು ಮುಂದೆ ನಿಲ್ಲುತ್ತದೆ. ಆ ಭಾರಿ ವಿಮಾನವು ಅದರ ಹಿಂದೆ, ತಾಯಿಯ ಸೆರಗು ಹಿಡಿದ ಮಗುವಿನಂತೆ, ಹಳದಿ ಗೆರೆಯ ಮೇಲೆ ಮೆಲ್ಲಮೆಲ್ಲನೆ ನಡೆದುಹೋಗುತ್ತದೆ.