ಅಂಗಡಿಗೆ ಲೆಕ್ಕ ಉಂಟು, ಮನೆಗೆ ಯಾಕಿಲ್ಲ?

ಬೇಸಿಗೆ ರಜೆ ಮುಗಿದು ಮದ್ರಸ ತೆರೆದ ದಿನ ಮಕ್ಕಳಲ್ಲಿ ಒಂದು ಪ್ರಶ್ನೆ ಕೇಳುವುದು ನನ್ನ ಅಭ್ಯಾಸವಾಗಿತ್ತು. "ರಜೆಯಲ್ಲಿ ಎಲ್ಲಿಗೆಲ್ಲ ಹೋಗಿದ್ದೀರಿ?" ಎರಡು ವರ್ಷದ ಹಿಂದೆ ಹೀಗೆಯೇ ಕೇಳಿದೆ. ಒಬ್ಬ ವಾಟರ್ ಪಾರ್ಕ್ ಅಂದ, ಇನ್ನೊಬ್ಬ ಬೆಂಗಳೂರಿನ ಮಾಲ್ ಅಂದ. ಮೂರನೆಯವನು ಎದ್ದು ನಿಂತು, ಎರಡು ರಾತ್ರಿ ರೆಸಾರ್ಟಿನಲ್ಲಿ ಉಳಿದದ್ದನ್ನು ಕೈ ಬಾಯಿ ಆಡಿಸಿ ವಿವರಿಸಿದ. ಹಿಂದಿನ ಬೆಂಚಿನ ಹುಡುಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತು, ಆಮೇಲೆ ಮೆಲ್ಲಗೆ "ದುಬೈ" ಅಂದ. ಎಲ್ಲರೂ ನಕ್ಕರು. ಆ ರಜೆಯಲ್ಲಿ ಅವನು ಪ್ರತಿದಿನ ಮಸೀದಿಯ ಅಂಗಳದಲ್ಲೇ ಆಡುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವನ ಕಣ್ಣು ತುಂಬಿತು. ಮರುದಿನ ಅವನು ಮದ್ರಸಕ್ಕೆ ಬರಲಿಲ್ಲ. ತಪ್ಪು ಹುಡುಗನದ್ದಲ್ಲ, ಪ್ರಶ್ನೆ ಕೇಳಿದ ನನ್ನದು.

ಕೆಲವು ವಾರ ಕಳೆದು ಒಂದು ಸಂಜೆ ಇಶಾ ನಮಾಝ್ ಮುಗಿದ ಮೇಲೆ ಒಬ್ಬರು ಬಂದು ನನ್ನ ಹತ್ತಿರ ಕೂತರು. ಗುರುತು ಸಿಗದ ಹಾಗೆ ಬರೆಯುವುದಾದರೆ ಬರೆಯಿರಿ, ಯಾರಿಗಾದರೂ ಪ್ರಯೋಜನವಾಗಲಿ ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. "ಉಸ್ತಾದ್, ಹೆಂಡತಿಯ ಬಳೆ ಅಡವಿಟ್ಟಿದ್ದೇನೆ. ತಿಂಗಳು ತಿಂಗಳು ಬಡ್ಡಿ ಕಟ್ಟುವುದು ಮಾತ್ರ ಆಗ್ತಾ ಉಂಟು, ಅಸಲು ಹಾಗೇ ಉಂಟು. ಬಡ್ಡಿ ಇಲ್ಲದೆ ಸಾಲ ಕೊಡುವವರು ಯಾರಾದರೂ ಇದ್ದಾರಾ?" ಎಂದು ಕೇಳಿದರು. ಯಾವುದಕ್ಕೆ ಅಡವಿಟ್ಟದ್ದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಕ್ಕಳು ರೆಸಾರ್ಟಿಗೆ ಹೋಗಬೇಕು ಅಂತ ಹಠ ಹಿಡಿದರು" ಅಂದರು.

ಒಬ್ಬ ಹುಡುಗ ಹೋಗಲಿಲ್ಲವೆಂದು ಅತ್ತ. ಇನ್ನೊಬ್ಬ ಹುಡುಗ ಹೋದದ್ದಕ್ಕೆ ಅವನ ಉಮ್ಮನ ಬಳೆ ಹೋಯಿತು. ಬಡ್ಡಿ ಹರಾಮ್ ಎಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಬಡ್ಡಿಯ ಬಾಗಿಲಿಗೆ ಹೋಗುವ ದಾರಿ ಶುರುವಾಗುವುದು ನಮ್ಮ ಅಡುಗೆ ಕೋಣೆಯಿಂದ, ನಮ್ಮ ಮೊಬೈಲಿನಿಂದ, 'ಅವರು ಹೋಗಿದ್ದಾರೆ, ನಾವೂ ಹೋಗಬೇಕು' ಎಂಬ ಮಾತಿನಿಂದ. ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

ವ್ಯಾಪಾರಿಯ ಮನೆಯಲ್ಲಿ ಲೆಕ್ಕವಿಲ್ಲ

'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎಂದು ಹೇಳುವವರಿದ್ದಾರೆ. ನಮ್ಮವರ ಅಂಗಡಿಗೆ ಹೋಗಿ ನೋಡಿ. ಮೀನಿನ ವ್ಯಾಪಾರವಿರಲಿ, ಅಡಿಕೆ ವ್ಯಾಪಾರವಿರಲಿ, ಗೂಡಂಗಡಿಯೇ ಇರಲಿ, ಒಂದು ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಕೂತು ಹುಡುಕುತ್ತೇವೆ. ಅದೇ ಮನುಷ್ಯನಲ್ಲಿ 'ಕಳೆದ ತಿಂಗಳು ಮನೆಗೆ ಎಷ್ಟು ಖರ್ಚಾಯಿತು?' ಎಂದು ಕೇಳಿದರೆ ಉತ್ತರವಿಲ್ಲ. 'ಎಲ್ಲಾ ಖರ್ಚಾಯಿತು ಮಾರಾಯ್ರೆ' ಎಂಬುದೇ ಉತ್ತರ.

ನಮ್ಮ ಮನೆಯ ಕಥೆಯೂ ಬೇರೆ ಇರಲಿಲ್ಲ. ಆ ಮನುಷ್ಯನಿಗೆ ಉಪದೇಶ ಹೇಳಿ ಮನೆಗೆ ಬಂದ ರಾತ್ರಿ ನನಗೇ ನಾಚಿಕೆಯಾಯಿತು. ಮಗಳ ಹಳೆಯ ನೋಟ್ ಪುಸ್ತಕದಲ್ಲಿ ಉಳಿದ ಹಾಳೆಗಳಿದ್ದವು. ಒಂದು ತಿಂಗಳು ಮನೆಯಲ್ಲಿ ಯಾರು ಏನು ಖರ್ಚು ಮಾಡಿದರೂ, ಐದು ರೂಪಾಯಿಯಾದರೂ, ಅದರಲ್ಲಿ ಬರೆಯಬೇಕು ಎಂದು ನಿಶ್ಚಯ ಮಾಡಿದೆವು. ಯಾವುದನ್ನೂ ಕಡಿಮೆ ಮಾಡುವುದು ಬೇಡ, ಬರೆಯುವುದು ಮಾತ್ರ.

ತಿಂಗಳ ಕೊನೆಗೆ ಕೂಡಿಸಿದಾಗ ಅಕ್ಕಿ, ಮೀನು, ಗ್ಯಾಸ್, ಶಾಲೆಯ ಫೀಸು ಇವೆಲ್ಲ ನಾವು ಅಂದಾಜು ಮಾಡಿದಷ್ಟೇ ಇದ್ದವು. ನಮಗೆ ಗೊತ್ತಿಲ್ಲದೆ ಹೋದ ಹಣ ಬೇರೆಯೇ ಇತ್ತು. ಹೋಟೆಲಿನ ಮಂದಿ, ಅಲ್‌ಫಹಮ್, ಶವರ್ಮ ಪಾರ್ಸೆಲ್ ಎಲ್ಲ ಸೇರಿ 2,350 ರೂಪಾಯಿ. ಸಂಜೆಯ ಬೇಕರಿ ತಿಂಡಿ 1,480. ಮಕ್ಕಳು ಐದು, ಹತ್ತು ರೂಪಾಯಿ ಕೊಟ್ಟು ತಂದ ಚಿಪ್ಸ್, ಮಿಠಾಯಿ, ತಂಪು ಪಾನೀಯ 870. ಒಟ್ಟು 4,700. ನನ್ನ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು. ನಾವು ಐಷಾರಾಮದಲ್ಲಿದ್ದೇವೆ ಎಂದು ಒಂದು ದಿನವೂ ಅನಿಸಿರಲಿಲ್ಲ.

ಮನೆಯ ಖರ್ಚು ಕಡಿಮೆ ಮಾಡಬೇಕು ಎನ್ನುವವರು ಮೊದಲು ಮಾಡಬೇಕಾದ ಕೆಲಸ ಇದೇ. ಎಲ್ಲಿ ಸೋರುತ್ತಿದೆ ಎಂದು ನೋಡದೆ ಮಾಡು ಸರಿ ಮಾಡಲು ಆಗುವುದಿಲ್ಲ.

ಅಡುಗೆ ಕೋಣೆ, ಕರೆಂಟು, ನೀರು

ಹೋಟೆಲಿಗೆ ಹೋಗುವುದೇ ಬೇಡ ಎಂದು ನಾವು ತೀರ್ಮಾನಿಸಲಿಲ್ಲ. ತಿಂಗಳಿಗೆ ಒಮ್ಮೆ ಎಂದು ಮಾಡಿದೆವು. ಉಳಿದ ಶುಕ್ರವಾರ ಮನೆಯಲ್ಲೇ. ಐದು ಮಂದಿ ಹೊರಗೆ ಕೂತು ತಿಂದು ಜ್ಯೂಸ್ ಕುಡಿದು ಬಂದರೆ 1,400 ರೂಪಾಯಿ ಆಗುತ್ತಿತ್ತು. ಅದೇ ಕೋಳಿ, ಅದೇ ಉದ್ದಕ್ಕಿ ಮನೆಗೆ ತಂದರೆ 600 ರೂಪಾಯಿಯೊಳಗೆ ಮುಗಿಯುತ್ತದೆ, ರಾತ್ರಿಗೂ ಸ್ವಲ್ಪ ಉಳಿಯುತ್ತದೆ. ಬೇಕರಿ ತಿಂಡಿಯ ಜಾಗಕ್ಕೆ ಬಾಳೆಹಣ್ಣು ಪೋಡಿ, ಅವಲಕ್ಕಿ, ಬೇಯಿಸಿದ ಗೆಣಸು ಬಂತು. ಮಕ್ಕಳು ಮೊದಲ ವಾರ ಮುಖ ಊದಿಸಿದರು, ಆಮೇಲೆ ಸರಿಯಾಯಿತು.

ನಮ್ಮ ಕರಾವಳಿಯ ಅಡುಗೆಗೆ ಕಾಲದ ಲೆಕ್ಕ ಉಂಟು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಹಸಿ ಮೀನಿನ ದರ ಏರುತ್ತದೆ. ಅದಕ್ಕೇ ಹಿಂದಿನವರು ಬೇಸಿಗೆಯಲ್ಲೇ ಒಣಮೀನು ತಂದಿಡುತ್ತಿದ್ದರು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ನನ್ನ ಉಮ್ಮ ಮಳೆಗಾಲದ ಎರಡು ತಿಂಗಳು ಗಂಜಿ, ಒಣಮೀನು ಚಟ್ನಿಯಲ್ಲೇ ಎಂಟು ಮಂದಿಯ ಹೊಟ್ಟೆ ತುಂಬಿಸಿದ್ದಾರೆ. ಅದನ್ನು ನಾವು ಬಡತನ ಎಂದು ತಿಳಿದಿರಲಿಲ್ಲ, ಮಳೆಗಾಲದ ಊಟ ಎಂದೇ ತಿಳಿದಿದ್ದೆವು.

ಕುಚ್ಚಲಕ್ಕಿಗೆ ಗ್ಯಾಸ್ ತುಂಬ ಬೇಕು. ಅಕ್ಕಿ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಬಿಸಿ ಉಳಿಸುವ ಡಬ್ಬದೊಳಗೆ ಇಟ್ಟು ಮುಚ್ಚಿದರೆ, ಒಂದೂವರೆ ಗಂಟೆಯಲ್ಲಿ ಅನ್ನ ಅದರಷ್ಟಕ್ಕೇ ಬೇಯುತ್ತದೆ. ಕಡಲೆ, ಹೆಸರು ಕಾಳನ್ನು ರಾತ್ರಿ ನೆನೆ ಹಾಕುವುದಕ್ಕೆ ದುಡ್ಡು ಬೇಡ, ನೆನಪಿದ್ದರೆ ಸಾಕು.

ಕರೆಂಟಿನ ವಿಷಯದಲ್ಲಿ ಅನೇಕರಿಗೆ ಒಂದು ತಪ್ಪು ತಿಳಿವಳಿಕೆ ಉಂಟು. 'ಗೃಹಜ್ಯೋತಿ ಇದೆಯಲ್ಲ, ಫ್ರೀ' ಎಂದು ಫ್ಯಾನು ತಿರುಗುತ್ತಲೇ ಇರುತ್ತದೆ. ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಒಂದು ಮಿತಿ ಇಟ್ಟಿದ್ದಾರೆ. ಅದನ್ನು ದಾಟಿ 200 ಯೂನಿಟ್ ಒಳಗೆ ಇದ್ದರೆ ಹೆಚ್ಚಾದ ಯೂನಿಟಿಗೆ ಮಾತ್ರ ಹಣ. ಆದರೆ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಆದ್ದರಿಂದ ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡುವ ಕೆಲಸವನ್ನು ಮನೆಯ ಒಂದು ಮಗುವಿಗೆ ಕೊಡಿ. ನಮ್ಮಲ್ಲಿ ಅದು ಮಗನ ಕೆಲಸ. ಈಗ ಖಾಲಿ ಕೋಣೆಯಲ್ಲಿ ಲೈಟ್ ಉರಿದರೆ ಅವನೇ ನಮ್ಮನ್ನು ಗದರಿಸುತ್ತಾನೆ.

ನೀರೂ ಹಾಗೆಯೇ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಹದೀಸ್‌ನಲ್ಲಿದೆ. ಇಂದಿನ ಅಳತೆಯಲ್ಲಿ ಅದು ಒಂದು ಲೀಟರಿಗಿಂತಲೂ ಕಡಿಮೆ. ನಾವು ನಳ್ಳಿ ಪೂರ್ತಿ ತಿರುಗಿಸಿ ಒಂದು ಬಕೆಟ್ ಖಾಲಿ ಮಾಡುತ್ತೇವೆ. ಆ ನೀರನ್ನು ಟ್ಯಾಂಕಿಗೆ ಏರಿಸಿದ್ದು ಪಂಪು. ಪಂಪಿನ ಕರೆಂಟು ಬಿಲ್ಲಿನಲ್ಲಿ ಬರುತ್ತದೆ.

ಖುಷಿಯನ್ನು ಕಡಿಮೆ ಮಾಡಬೇಡಿ

ಇಷ್ಟು ಓದಿದ ಮಕ್ಕಳು 'ಉಸ್ತಾದ್ ಎಲ್ಲವನ್ನೂ ನಿಲ್ಲಿಸಲು ಹೇಳುತ್ತಿದ್ದಾರೆ' ಎಂದುಕೊಳ್ಳಬಹುದು. ಹಾಗಲ್ಲ. ಮನೆಯವರ ಜೊತೆ ನಗುವುದು, ಆಡುವುದು ದೀನ್‌ನ ಹೊರಗಿನ ವಿಷಯವಲ್ಲ. ಪ್ರವಾದಿ(ಸ)ರು ಆಯಿಶಾ(ರ)ರ ಜೊತೆ ಓಟದ ಪಂದ್ಯ ಓಡಿದ್ದಾರೆ. ಒಮ್ಮೆ ಆಯಿಶಾ(ರ) ಗೆದ್ದರು, ಮತ್ತೊಮ್ಮೆ ಪ್ರವಾದಿ(ಸ) ಗೆದ್ದರು. ಮೊಮ್ಮಗ ಬೆನ್ನೇರಿದಾಗ ಸುಜೂದನ್ನು ಉದ್ದ ಮಾಡಿದ್ದಾರೆ. ಸಾಕಿದ ಪುಟ್ಟ ಹಕ್ಕಿ ಸತ್ತು ಬೇಸರದಲ್ಲಿದ್ದ ಮಗುವನ್ನು ತಮಾಷೆ ಮಾಡಿ ಮಾತಾಡಿಸಿದ್ದಾರೆ. ಇದರಲ್ಲಿ ಯಾವುದಕ್ಕೂ ಟಿಕೆಟ್ ಇರಲಿಲ್ಲ. ಸಮಯ ಕೊಡಬೇಕಿತ್ತು, ಕೊಟ್ಟರು.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ನಾವು ಮಂಗಳೂರಿಗೆ ಬಸ್ಸಿನಲ್ಲಿ ಹೋದೆವು. ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿ ಮಕ್ಕಳಿಗೆ ಮರದ ಕೆತ್ತನೆಯ ಕಂಬಗಳನ್ನು ತೋರಿಸಿದೆ. ಅಲ್ಲಿಂದ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಕಾವಲು ಗೋಪುರದ ಮೆಟ್ಟಿಲು ಹತ್ತಿ, ಆಮೇಲೆ ದೋಣಿಯಲ್ಲಿ ನದಿ ದಾಟಿ ತಣ್ಣೀರುಬಾವಿ ಕಡಲ ಕಿನಾರೆಗೆ. ಮನೆಯಿಂದ ಪತ್ತಿರ್, ಕೋಳಿ ಸುಕ್ಕ ಕಟ್ಟಿಕೊಂಡು ಹೋಗಿದ್ದೆವು. ಬಸ್ಸು, ದೋಣಿ, ಚಹಾ, ಕಡಲೆ ಎಲ್ಲ ಸೇರಿ ಐದು ಮಂದಿಗೆ 300 ರೂಪಾಯಿ ಆಗಲಿಲ್ಲ. ದೋಣಿಯಲ್ಲಿ ಕೂತದ್ದನ್ನು ಸಣ್ಣ ಮಗಳು ಈಗಲೂ ಹೇಳುತ್ತಾಳೆ. ಮಳೆಗಾಲದಲ್ಲಿ ಮಾತ್ರ ಕಡಲಿನ ಹತ್ತಿರ ಮಕ್ಕಳನ್ನು ಬಿಡಬೇಡಿ, ಯಾವ ಕಾಲದಲ್ಲೂ ಗುರುತಿಲ್ಲದ ಕಡೆ ನೀರಿಗಿಳಿಯುವುದು ಬೇಡ.

ದೂರ ಹೋಗಬೇಕೆಂದಿದ್ದರೆ ಕೆಎಸ್ಸಾರ್ಟಿಸಿಯ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಟಿಕೆಟ್ ಹಣವಿಲ್ಲ. ಆಧಾರ್ ಕಾರ್ಡ್ ಕೈಯಲ್ಲಿರಲಿ. ಮಡಿಕೇರಿಗೆ ಹೋಗಿ ಬರಲು ಬಾಡಿಗೆ ಕಾರೇ ಆಗಬೇಕೆಂದಿಲ್ಲ.

ಗಲ್ಫಿನಲ್ಲಿರುವ ಉಪ್ಪಂದಿರು ಈ ಸಂತೋಷದಿಂದ ದೂರ. ಆರೆಂಟು ಮಂದಿ ಒಂದೇ ರೂಮಿನಲ್ಲಿ ಮಲಗಿ, ಕುಬ್ಬೂಸ್ ತಿಂದು ಅವರು ಕಳುಹಿಸುವ ಹಣ ಅದು. ಅದನ್ನು ಖರ್ಚು ಮಾಡುವಾಗ ಆ ರೂಮು ನಮ್ಮ ಕಣ್ಣ ಮುಂದೆ ಇರಲಿ. ಲೆಕ್ಕದ ಪುಸ್ತಕವನ್ನು ವಾರಕ್ಕೊಮ್ಮೆ ಅವರಿಗೂ ಫೋನಿನಲ್ಲಿ ಓದಿ ಹೇಳಿ. ತಾನು ಊರಿಗೆ ಮರಳುವ ದಿನ ಹತ್ತಿರ ಬರುತ್ತಿದೆ ಎಂದು ಅವರಿಗೆ ಗೊತ್ತಾಗಬೇಕಾದ್ದು ಅದರಿಂದ.

ಎರಡು ಎಚ್ಚರಿಕೆ

ಒಂದು, ಇದು ಜಿಪುಣತನ ಆಗಬಾರದು. ಅಲ್ಲಾಹನ ಒಳ್ಳೆಯ ದಾಸರು ಖರ್ಚಿನಲ್ಲಿ ದುಂದೂ ಮಾಡುವುದಿಲ್ಲ, ಕೈ ಬಿಗಿಯನ್ನೂ ಮಾಡುವುದಿಲ್ಲ, ಎರಡರ ನಡುವೆ ನಿಲ್ಲುತ್ತಾರೆ ಎಂಬುದು ಸೂರಾ ಅಲ್-ಫುರ್ಖಾನ್‌ನ ಪಾಠ. ಮದ್ದಿನ ಹಣ, ಮಕ್ಕಳ ಕಲಿಕೆಯ ಹಣ, ಹೆತ್ತವರಿಗೆ ಕೊಡುವ ಹಣ, ಸದಕಾ ಇವುಗಳಲ್ಲಿ ಉಳಿಸಲು ಹೋಗಬೇಡಿ. ಮನೆಗೆ ಬಂದ ಅತಿಥಿಗೆ ಕೊಡುವ ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ ಯಾರೂ ಉದ್ಧಾರವಾಗುವುದಿಲ್ಲ. ಆದರೆ ಅದೇ ಅತಿಥಿಗೆ ಎಂಟು ಬಗೆ ಮಾಡಿ ಐದು ಬಗೆಯನ್ನು ಚೆಲ್ಲುವುದು ಸತ್ಕಾರವಲ್ಲ. ಮದುವೆಯ ನಂತರದ ಔತಣಗಳಲ್ಲಿ ನಾವೆಲ್ಲ ನೋಡುವುದು ಅದನ್ನೇ.

ಎರಡನೆಯದ್ದನ್ನು ನನಗೆ ಕಲಿಸಿದ್ದು ಮನೆಯವಳು. ಹೋಟೆಲು ಕಡಿಮೆಯಾದ ಎರಡನೆಯ ತಿಂಗಳು ಅವಳು ಕೇಳಿದಳು: "ನಿಮ್ಮ 800 ರೂಪಾಯಿ ಉಳಿಯಿತು, ಸರಿ. ಕೋಳಿ ತೊಳೆದು, ಬೇಯಿಸಿ, ಪಾತ್ರೆ ಉಜ್ಜಿದ್ದು ಯಾರು? ನನಗೆ ಮೊದಲು ಸಿಗುತ್ತಿದ್ದ ಒಂದು ರಾತ್ರಿಯ ರಜೆಯೂ ಹೋಯಿತಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ಸರಳ ಜೀವನದ ಭಾರವನ್ನೆಲ್ಲ ಹೆಂಗಸರ ಹೆಗಲಿಗೆ ಹಾಕಿ ಗಂಡಸು ಉಳಿತಾಯದ ಲೆಕ್ಕ ಹೇಳುವುದು ನ್ಯಾಯವಲ್ಲ. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ಇರುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಈ ಹದೀಸನ್ನು ನಾನು ಎಷ್ಟೋ ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೆ. ಈಗ ಶುಕ್ರವಾರ ರಾತ್ರಿ ನೀರುಳ್ಳಿ ಕತ್ತರಿಸುವುದು ನಾನು, ಪಾತ್ರೆ ತೊಳೆಯುವುದು ಮಗ. ನಿಜ ಹೇಳುವುದಾದರೆ, ಹೋಟೆಲಿನಲ್ಲಿ ಒಬ್ಬೊಬ್ಬರು ಒಂದೊಂದು ಮೊಬೈಲ್ ನೋಡುತ್ತಾ ಕೂರುತ್ತಿದ್ದ ನಾವು ಹೆಚ್ಚು ಮಾತಾಡುವುದು ಈ ಅಡುಗೆ ಕೋಣೆಯಲ್ಲೇ.

ಉಳಿದ ಹಣ ಎಲ್ಲಿಗೆ?

ಉಳಿಸಿದ್ದನ್ನು ಬೇರೆ ಇಡದಿದ್ದರೆ ಅದು ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಮೊದಲು ಸಾಲ, ಅದರಲ್ಲೂ ಬಡ್ಡಿಯ ಸಾಲ ತೀರಲಿ. ಆಮೇಲೆ ಕಾಯಿಲೆ ಕಸಾಲೆಗೆಂದು ಸ್ವಲ್ಪ. ಆಮೇಲೆ ಮಕ್ಕಳ ಓದಿಗೆ. ನನ್ನಲ್ಲಿ ಬಂದಿದ್ದ ಆ ಮನುಷ್ಯ ಅದೇ ರೀತಿ ಮಾಡಿದರು. ಸಂಬಂಧಿಕರೊಬ್ಬರು ಸ್ವಲ್ಪ ಹಣವನ್ನು ಬಡ್ಡಿಯಿಲ್ಲದೆ ಕೊಟ್ಟರು, ಉಳಿದದ್ದನ್ನು ಅವರು ಮನೆ ಖರ್ಚಿನಿಂದ ಹದಿಮೂರು ತಿಂಗಳಲ್ಲಿ ಹೊಂದಿಸಿದರು. ಬಳೆ ಮನೆಗೆ ಬಂದ ದಿನ ಫೋನ್ ಮಾಡಿ, "ಉಸ್ತಾದ್, ಇನ್ನು ಪುಸ್ತಕ ಬರೆಯುವುದನ್ನು ಬಿಡಬಹುದಾ?" ಎಂದು ಕೇಳಿದರು. ಬಿಡಬೇಡಿ ಎಂದೆ.

ಈಗ ರಜೆ ಮುಗಿದ ಮೇಲೆ ನಾನು ಮಕ್ಕಳಲ್ಲಿ 'ಎಲ್ಲಿಗೆ ಹೋದಿರಿ' ಎಂದು ಕೇಳುವುದಿಲ್ಲ. 'ಮನೆಯವರ ಜೊತೆ ಏನು ಮಾಡಿದಿರಿ' ಎಂದು ಕೇಳುತ್ತೇನೆ. ಈ ಸಲ ಹಿಂದಿನ ಬೆಂಚಿನ ಆ ಹುಡುಗನೇ ಮೊದಲು ಕೈ ಎತ್ತಿದ. ಉಪ್ಪನ ಜೊತೆ ಹೊಳೆಯಲ್ಲಿ ಗಾಳ ಹಾಕಿ ಎರಡು ಮೀನು ಹಿಡಿದನಂತೆ. ಎಷ್ಟು ಉದ್ದ, ಯಾವ ಮೀನು, ಗಾಳಕ್ಕೆ ಏನು ಸಿಕ್ಕಿಸಿದ್ದು ಎಂದು ಉಳಿದವರು ಕೇಳಿದ್ದೇ ಕೇಳಿದ್ದು. ಆ ದಿನ ಪಾಠ ಅರ್ಧ ಗಂಟೆ ತಡವಾಯಿತು.

ಇವತ್ತು ರಾತ್ರಿ ಊಟ ಆದ ಮೇಲೆ ಮಕ್ಕಳ ಹಳೆಯ ನೋಟ್ ಪುಸ್ತಕ ಒಂದನ್ನು ಹುಡುಕಿ, ಮೇಲೆ ಬಿಸ್ಮಿ ಬರೆದು, ಇವತ್ತಿನ ಖರ್ಚು ಬರೆಯಿರಿ. ಅಲ್ಲಾಹು ನಮ್ಮೆಲ್ಲರ ದುಡಿಮೆಯಲ್ಲಿ ಬರ್ಕತ್ ನೀಡಲಿ, ಬಡ್ಡಿಯಿಂದ ನಮ್ಮ ಮನೆಗಳನ್ನು ಕಾಪಾಡಲಿ. ಆಮೀನ್.